ಮಗಳ ಮೇಲ್ದವಡೆ ಕಿರಿದು ಅಂತಿದ್ದಾರೆ, ಎಕ್ಸ್‌ಪ್ಯಾಂಡರ್ ಈಗ್ಲೇ ಹಾಕ್ಸ್ಬೇಕಾ?

ಪುಟ್ಟಿಅಮ್ಮ_ವಿಜಯನಗರ

ಎಲ್ರಿಗೂ ನಮಸ್ಕಾರ. ನನ್ ಮಗಳಿಗೆ ಎಂಟು ವರ್ಷ, ಮೂರನೇ ಕ್ಲಾಸು. ಸ್ಕೂಲಲ್ಲಿ ಡೆಂಟಲ್ ಕ್ಯಾಂಪ್ ಮಾಡಿದ್ರು, ಡೈರಿಲಿ ಒಂದು ಚೀಟಿ ಅಂಟಿಸಿ ಕಳ್ಸಿದ್ರು, ಮೇಲ್ದವಡೆ ಕಿರಿದಾಗಿದೆ ಆರ್ಥೊಡಾಂಟಿಸ್ಟ್ (ಹಲ್ಲು ದವಡೆ ಸರಿಮಾಡೋ ಡಾಕ್ಟ್ರು) ಹತ್ರ ತೋರ್ಸಿ ಅಂತ. ನಮಗೆ ನೋಡಿದ್ರೆ ಏನೂ ಗೊತ್ತಾಗಲ್ಲ, ಮುಂದಿನ ಹಲ್ಲು ಸ್ವಲ್ಪ ಒತ್ತೊತ್ತಾಗಿ ಬಂದಿದೆ ಅಷ್ಟೇ. ಮನೆ ಹತ್ರ ಒಂದು ಕ್ಲಿನಿಕ್‌ಗೆ ಹೋದ್ವಿ, ಅವರು ಬಾಯಿ ತೆಗ್ಸಿ ಟಾರ್ಚ್ ಬಿಟ್ಟು ನೋಡಿ ಒಂದು ಒಪಿಜಿ (ಎಲ್ಲಾ ಹಲ್ಲೂ ಒಟ್ಟಿಗೆ ಕಾಣೋ ಎಕ್ಸ್‌ರೇ) ತೆಗ್ಸಿ, ಅಂಗುಳಕ್ಕೆ ಎಕ್ಸ್‌ಪ್ಯಾಂಡರ್ (ದವಡೆ ಅಗಲ ಮಾಡೋ ಸಾಧನ) ಹಾಕ್ಬೇಕು, ಈ ವಾರನೇ ಶುರು ಮಾಡೋಣ, ಲೇಟ್ ಮಾಡಿದ್ರೆ ದೊಡ್ಡೋಳಾದ್ಮೇಲೆ ಆಪರೇಷನ್ನೇ ಗತಿ ಅಂದ್ರು, ಹೊರಗಡೆ ಕೌಂಟರ್‌ನಲ್ಲಿ ಅಡ್ವಾನ್ಸ್ ಎಷ್ಟು ಕಟ್ತೀರ ಅಂತ ಆಗ್ಲೇ ಕೇಳಿದ್ರು. ಇನ್ನೊಬ್ರ ಹತ್ರ ಹೋದ್ರೆ ಅವರು ಹಾಲುಹಲ್ಲೆಲ್ಲ ಬಿದ್ಮೇಲೆ ಬನ್ನಿ ಕ್ಲಿಪ್ ಹಾಕಿದ್ರೆ ಸರಿಹೋಗತ್ತೆ ಅಂತ ಎರಡೇ ನಿಮಿಷಕ್ಕೆ ಕಳ್ಸಿಬಿಟ್ರು. ನಮ್ಮತ್ತೆ ಅಂತೂ ಇದೆಲ್ಲ ದುಡ್ಡು ಮಾಡೋ ದಾರಿ ಸುಮ್ನಿರು ಅಂತಾರೆ.

ನನಗೆ ಕೇಳ್ಬೇಕಾಗಿರೋದು ಇಷ್ಟೇ. ದವಡೆ ನಿಜವಾಗ್ಲೂ ಕಿರಿದಾ ಇಲ್ವಾ ಅಂತ ಸರಿಯಾಗಿ ಕಂಡುಹಿಡಿಯೋದು ಹೇಗೆ? ಒಪಿಜಿಲಿ ಅದು ಕಾಣತ್ತಾ? ಇನ್ನೊಂದ್ ವಿಷ್ಯ, ಇವಳು ರಾತ್ರಿ ಬಾಯಿ ತೆಕ್ಕೊಂಡೇ ಮಲಗ್ತಾಳೆ, ಚಳಿಗಾಲ ಬಂತು ಅಂದ್ರೆ ಮೂಗು ಕಟ್ಟೇ ಇರತ್ತೆ. ಚಿಕ್ಕೋಳಿದ್ದಾಗ ಬೆರಳು ಚೀಪ್ತಿದ್ಲು, ಯುಕೆಜಿಗೆ ಬಂದ್ಮೇಲೆ ಬಿಟ್ಲು. ಇದಕ್ಕೂ ಅದಕ್ಕೂ ಸಂಬಂಧ ಇದ್ಯಾ? ಗೊತ್ತಿರೋರು ದಯವಿಟ್ಟು ಹೇಳಿ.

ಮಂಜು_ಜೆಪಿನಗರ

ಮೇಡಂ ಕಾಯ್ರಿ, ಏನೂ ಆಗಲ್ಲ. ನನಗೂ ಹಲ್ಲು ಒತ್ತೊತ್ತಾಗಿತ್ತು, ಹತ್ತನೇ ಕ್ಲಾಸ್ ಮುಗುದ್ಮೇಲೆ ನಾಲ್ಕು ಹಲ್ಲು ಕೀಳ್ಸಿ ಕ್ಲಿಪ್ ಹಾಕ್ಸಿದ್ರು, ಈಗ ಸೂಪರ್ರಾಗಿದೆ. ಈ ಎಕ್ಸ್‌ಪ್ಯಾಂಡರ್ ಎಲ್ಲ ಈಚೆಗೆ ಬಂದಿರೋ ಫ್ಯಾಷನ್ನು.

ಹಲ್ಲುಡಾಕ್ಟ್ರು_ಬೆಂಗ್ಳೂರು

ಮಂಜು ಅವ್ರೇ ಫ್ಯಾಷನ್ ಅನ್ನೋ ಮಾತು ಮಾತ್ರ ಒಪ್ಪಲ್ಲ 😀 ಅಂಗುಳದ ಮಧ್ಯದಲ್ಲಿ ಎರಡು ಮೂಳೆ ಸೇರೋ ಜೋಡಣೆನ ಸ್ಕ್ರೂ ಇಟ್ಟು ಅಗಲ ಮಾಡಿದ ಮೊದಲ ವರದಿ ಬಂದಿದ್ದು 1860ರಲ್ಲಿ, ಏಂಜೆಲ್ ಅನ್ನೋ ಅಮೆರಿಕದ ದಂತವೈದ್ಯರದ್ದು. ಆಮೇಲೆ ತುಂಬಾ ವರ್ಷ ಮೂಲೆಗೆ ಬಿದ್ದಿತ್ತು, 1961ರಲ್ಲಿ ಹಾಸ್ ಅನ್ನೋರು ಬರೆದ್ಮೇಲೆ ಮತ್ತೆ ಚಾಲ್ತಿಗೆ ಬಂತು. ನಿಮ್ಮದು ಒತ್ತೊತ್ತು ಹಲ್ಲಿನ ಕೇಸು, ಅದು ಬೇರೆ, ದವಡೆ ಕಿರಿದು ಅನ್ನೋದು ಬೇರೆ. ಹಲ್ಲು ಒತ್ತಾಗಿದೆ ಅಂದ ತಕ್ಷಣ ದವಡೆ ಕಿರಿದು ಅಂತ ಅಲ್ಲ, ದವಡೆ ಅಳತೆ ಸರಿ ಇದ್ದು ಹಲ್ಲೇ ದಪ್ಪ ಇದ್ರೂ ಒತ್ತಾಗತ್ತೆ. ಉಲ್ಟಾನೂ ನಿಜ, ಹಲ್ಲು ನೆಟ್ಟಗೆ ಇರೋ ಮಕ್ಕಳಲ್ಲೂ ದವಡೆ ಕಿರಿದಿರಬಹುದು.

ಮೇಡಂ, ನಾನು ಆರ್ಥೊಡಾಂಟಿಸ್ಟು, ಮಗು ನೋಡದೆ ಹಾಕ್ಸಿ ಬೇಡ ಅಂತ ನಾನು ಇಲ್ಲಿ ಹೇಳಲ್ಲ, ಯಾರು ಹೇಳಿದ್ರೂ ನೀವು ಕೇಳ್ಬೇಡಿ. ಆದ್ರೆ ಸರಿಯಾದ ಪರೀಕ್ಷೆ ಅಂದ್ರೆ ಏನು ಅಂತ ಹೇಳ್ತೀನಿ, ನೀವೇ ಹೋಲಿಸಿ ನೋಡಿ.

ಮೊದ್ಲು ನೋಡೋದು ಕಚ್ಚಿದಾಗ ಹೆಂಗೆ ಕೂರತ್ತೆ ಅಂತ. ಮೇಲಿನ ಹಲ್ಲಿನ ಸಾಲು ಕೆಳಗಿನ ಸಾಲಿಗಿಂತ ಚೂರು ಹೊರಗಿರ್ಬೇಕು ಸುತ್ತ, ಸ್ಟೀಲ್ ಡಬ್ಬಿ ಮೇಲೆ ಮುಚ್ಚಳ ಕೂತಂಗೆ. ಹಿಂದಿನ ದವಡೆಹಲ್ಲುಗಳಲ್ಲಿ ಇದು ಉಲ್ಟಾ ಆಗಿ ಮೇಲಿನದು ಒಳಗೆ ಕೂತಿದ್ರೆ ಅದಕ್ಕೆ ಕ್ರಾಸ್‌ಬೈಟ್ ಅಂತೀವಿ. ಕ್ರಾಸ್‌ಬೈಟ್ ಕಂಡ್ರೆ ಕೆಲಸ ಮುಗೀಲಿಲ್ಲ, ಅಲ್ಲಿಂದ ಶುರು. ಕಿರಿದಾಗಿರೋದು ಮೂಳೆನಾ, ಇಲ್ಲಾ ಮೂಳೆ ಸರಿಯಾಗಿದ್ದು ಹಲ್ಲು ಮಾತ್ರ ಒಳಗೆ ವಾಲಿದ್ಯಾ? ಅಂಗುಳ ಒಳ್ಳೆ ಅಗಲವಾಗಿದ್ದು ಒಂದೆರಡು ಹಲ್ಲು ನಾಲಿಗೆ ಕಡೆ ಬಾಗಿದ್ರೆ ಅದು ಹಲ್ಲಿನ ತೊಂದ್ರೆ, ಸಣ್ಣ ತಂತಿಲೋ ಪ್ಲೇಟಲ್ಲೋ ಹಲ್ಲು ಸರಿಸಿದ್ರೆ ಮುಗೀತು. ಅಂಗುಳನೇ ಕಿರಿದಾಗಿ ಎತ್ತರಕ್ಕೆ ಹೋಗಿದ್ದು, ಮೇಲಿನ ದವಡೆಹಲ್ಲು ಕೆನ್ನೆ ಕಡೆಗೆ ವಾಲಿಕೊಂಡು ಹೆಂಗೋ ಕೆಳಗಿನದನ್ನ ಮುಟ್ತಿದ್ರೆ ಅದು ಮೂಳೆ ತೊಂದ್ರೆ, ಆಗ ಕ್ರಾಸ್‌ಬೈಟ್ ಕಾಣದೇನೂ ಇರಬಹುದು. ಕೆಳಗಿನ ದವಡೆಹಲ್ಲು ನಾಲಿಗೆ ಕಡೆ ಮಲಗಿದ್ರೂ ಅಷ್ಟೇ, ಕೊರತೆ ಮುಚ್ಚಿಹೋಗಿರತ್ತೆ. ಆಗ್ಲೇ ಹೊರಗೆ ವಾಲಿರೋ ಹಲ್ಲನ್ನ ಇನ್ನಷ್ಟು ಹೊರಗೆ ತಳ್ಳಿದ್ರೆ ಬೇರಿಗೆ ಪೆಟ್ಟು, ಅದಕ್ಕೇ ಈ ವ್ಯತ್ಯಾಸ ಗೊತ್ತಾಗದೆ ಶುರು ಮಾಡ್ಬಾರ್ದು.

ಇನ್ನು ಅಳತೆ. ಬಾಯಿಗೆ ಅಚ್ಚು ತಗೊಂಡು ಪ್ಲಾಸ್ಟರ್ ಮಾಡೆಲ್ ಮಾಡ್ತೀವಿ ಇಲ್ಲಾ ಸ್ಕ್ಯಾನರ್ ಇದ್ರೆ ಸ್ಕ್ಯಾನು. ಆರು ವರ್ಷಕ್ಕೆ ಹುಟ್ಟೋ ಮೇಲಿನ ಎರಡು ದವಡೆಹಲ್ಲುಗಳ ಮಧ್ಯೆ ಒಳಗಡೆ, ಒಸಡಿನ ಅಂಚಿನ ಹತ್ರ ಎಷ್ಟು ಜಾಗ ಇದೆ ಅಂತ ಕ್ಯಾಲಿಪರ್ ಇಟ್ಟು ನೋಡ್ತೀವಿ. ಸಾಮಾನ್ಯ ಗಾತ್ರದ ಹಲ್ಲಿಗೆ 35 ಮಿ.ಮೀ. ಮೇಲೆ ಇದ್ರೆ ಜಾಗ ಸಾಕು, 31ಕ್ಕಿಂತ ಕಮ್ಮಿ ಬಂದ್ರೆ ಅನುಮಾನ ಪಡ್ಬೇಕು. ಆದ್ರೆ ಒಂದು ನಂಬರ್ ನೋಡಿ ತೀರ್ಮಾನ ಮಾಡೋಹಂಗಿಲ್ಲ, ಸಣ್ಣ ಮುಖದ ಮಗುಗೆ ಎಲ್ಲಾನೂ ಸಣ್ಣಗೇ ಇರತ್ತೆ, ಕೆಳದವಡೆ ಜೊತೆ ಹೋಲಿಸಿದ್ರೇನೇ ಅರ್ಥ. ಮತ್ತೆ ಕೆಳದವಡೆ ಮುಂದಕ್ಕೆ ಬಂದಿರೋ ಮಕ್ಕಳಲ್ಲಿ ಮೇಲಿನ ಸಾಲಿನ ಕಿರಿದಾದ ಭಾಗಕ್ಕೆ ಕೆಳಗಿನ ಅಗಲದ ಭಾಗ ಎದುರು ಬಂದು ಕ್ರಾಸ್‌ಬೈಟ್ ಥರ ಕಾಣತ್ತೆ. ಮಾಡೆಲ್ ಎರಡನ್ನೂ ಕೈಲಿ ಹಿಡಿದು ಕೆಳಗಿನದನ್ನ ಸರಿ ಜಾಗಕ್ಕೆ ಹಿಂದೆ ಸರಿಸಿ ನೋಡಿದ್ರೆ ಅಗಲ ಸರಿಯಾಗೇ ಇರತ್ತೆ. ಈ ಚಿಕ್ಕ ಕೆಲಸನ ಎಷ್ಟೋ ಜನ ಮಾಡೋದೇ ಇಲ್ಲ.

ಒಪಿಜಿ ಬಗ್ಗೆ ಕೇಳಿದ್ರಿ. ಒಪಿಜಿಲಿ ದವಡೆ ಅಗಲ ಗೊತ್ತಾಗಲ್ಲ ಮೇಡಂ. ಒಳಗೆ ಇನ್ನೂ ಹುಟ್ಟದ ಹಲ್ಲು ಎಷ್ಟಿದೆ, ಯಾವ್ದಾದ್ರೂ ಇಲ್ವಾ, ಕೋರೆಹಲ್ಲು ದಾರಿ ತಪ್ಪಿದ್ಯಾ ಅನ್ನೋಕೆ ಅದು ಬೇಕು, ದಂಡ ಅಲ್ಲ. ಅಗಲ ನೋಡ್ಬೇಕು ಅಂದ್ರೆ ತಲೆಯ ನೇರ ಎಕ್ಸ್‌ರೇ, ಪಿಎ ಸೆಫ್ ಅಂತೀವಿ, ಅದೂ ಮುಖ ಸೊಟ್ಟ ಅನ್ನಿಸಿದ್ರೆ ಮಾತ್ರ. ಪಕ್ಕದಿಂದ ತೆಗೆಯೋ ಸೆಫ್‌ಲಿ ದವಡೆ ಹಿಂದೆಮುಂದೆ ಹೆಂಗಿದೆ ಅನ್ನೋದು, ಜೊತೆಗೆ ಕತ್ತಿನ ಮೂಳೆ ಆಕಾರ ನೋಡಿ ಬೆಳವಣಿಗೆ ಎಷ್ಟು ಬಾಕಿ ಇದೆ ಅನ್ನೋದು ಗೊತ್ತಾಗತ್ತೆ. ಎಂಟು ವರ್ಷದ ಮಗುಗೆ ಸಿಬಿಸಿಟಿ (3ಡಿ ಎಕ್ಸ್‌ರೇ ಸ್ಕ್ಯಾನು) ಮಾಮೂಲಿಯಾಗಿ ತೆಗ್ಸೋ ಅಗತ್ಯ ಇಲ್ಲ, ಸುಮ್ನೆ ರೇಡಿಯೇಷನ್ನು.

ಇವತ್ತು ರಾತ್ರಿ ಮನೇಲೇ ಒಂದು ನೋಡಿ ಹೇಳಿ. ಮಗುನ ಕುರ್ಚಿ ಮೇಲೆ ನೆಟ್ಟಗೆ ಕೂರ್ಸಿ, ಮಲಗ್ಸಿ ಅಲ್ಲ. ತುಟಿ ಎರಡೂ ಕಡೆ ಬೆರಳಲ್ಲಿ ಸರಿಸಿ, ಬಾಯಿ ದೊಡ್ಡದಾಗಿ ತೆಗೆದಾಗ ಮೇಲಿನ ಎರಡು ಮುಂಬಲ್ಲಿನ ಮಧ್ಯದ ಗೆರೆಗೂ ಕೆಳಗಿನ ಗೆರೆಗೂ ನೇರ ಇದ್ಯಾ ನೋಡಿ. ಆಮೇಲೆ ನಾಲಿಗೆ ತುದಿನ ಅಂಗುಳದ ಹಿಂದಕ್ಕೆ ಮಡಚಿ ಇಟ್ಕೊಂಡು ಮೆಲ್ಲಗೆ ಮುಚ್ಚು ಅನ್ನಿ, ಮೊದಲ ಹಲ್ಲು ತಾಗಿದ ತಕ್ಷಣ ನಿಲ್ಲು ಅನ್ನಿ, ಆಗ ನೋಡಿ, ಆಮೇಲೆ ಪೂರ್ತಿ ಕಚ್ಚಿದಾಗ ನೋಡಿ.

ಪುಟ್ಟಿಅಮ್ಮ_ವಿಜಯನಗರ

ಡಾಕ್ಟ್ರೇ ಇಷ್ಟು ಬಿಡ್ಸಿ ಯಾರೂ ಹೇಳಿರ್ಲಿಲ್ಲ, ತುಂಬಾ ಥ್ಯಾಂಕ್ಸ್. ನಿನ್ನೆ ರಾತ್ರಿ ಊಟ ಆದ್ಮೇಲೆ ನೋಡಿದ್ವಿ, ಅವಳು ನಗೋದೇ ನಗೋದು, ಅವ್ರಪ್ಪ ಮೊಬೈಲ್ ಟಾರ್ಚ್ ಹಿಡ್ಕೊಂಡ್ರು. ಬಾಯಿ ತೆಗೆದಾಗ ಮೇಲಿನ ಗೆರೆ ಕೆಳಗಿನ ಗೆರೆ ಎರಡೂ ನೇರ ಇದೆ. ಮೆಲ್ಲಗೆ ಮುಚ್ಚಿದಾಗ ಹಿಂದಿನ ಹಲ್ಲಿನ ಚೂಪು ಚೂಪಿಗೇ ತಾಗಿ ನಿಂತಂಗೆ ಆಯ್ತು, ಪೂರ್ತಿ ಕಚ್ಚು ಅಂದ್ರೆ ಕೆಳಗಿನ ದವಡೆ ಟಕ್ ಅಂತ ಬಲಗಡೆಗೆ ಜಾರತ್ತೆ! ಗದ್ದನೂ ಚೂರು ಬಲಕ್ಕೆ ಹೋಗತ್ತೆ, ಇಷ್ಟು ದಿನ ಇದು ಕಣ್ಣಿಗೇ ಬಿದ್ದಿರ್ಲಿಲ್ಲ. ಬಲಗಡೆ ಮೇಲಿನ ದವಡೆಹಲ್ಲು ಕೆಳಗಿನದರ ಒಳಗೆ ಕೂತಿದೆ, ಎಡಗಡೆ ಸರಿಯಾಗಿದೆ. ಹಂಗಾದ್ರೆ ಬಲಗಡೆ ಮಾತ್ರ ಕಿರಿದಾ? ಒಂದು ಕಡೆ ಮಾತ್ರ ಅಗಲ ಮಾಡೋಕೆ ಆಗತ್ತಾ?

ಹಲ್ಲುಡಾಕ್ಟ್ರು_ಬೆಂಗ್ಳೂರು

ನೀವು ನೋಡಿದ್ದು ಹೇಳಿದ್ದು ಎರಡೂ ಚೆನ್ನಾಗಿದೆ, ನಮ್ಮ ಪಿಜಿ ಹುಡುಗ್ರು ಇಷ್ಟು ಚೆನ್ನಾಗಿ ಕೇಸ್ ಹೇಳಿದ್ರೆ ಸಾಕು ಅನ್ಸತ್ತೆ.

ಒಂದೇ ಕಡೆ ಅಂತ ಕಾಣೋದು ಬಹುತೇಕ ಮಕ್ಕಳಲ್ಲಿ ಎರಡೂ ಕಡೆದೇ ಆಗಿರತ್ತೆ. ಮೇಲ್ದವಡೆ ಎರಡೂ ಕಡೆ ಸ್ವಲ್ಪ ಸ್ವಲ್ಪ ಕಿರಿದು ಅಂದ್ಕೊಳ್ಳಿ. ಮಗು ಬಾಯಿ ಮುಚ್ಚಿದ್ರೆ ಎರಡು ಕಡೆನೂ ಚೂಪಿಗೆ ಚೂಪು ತಾಗತ್ತೆ, ಹಂಗೆ ಅಗಿಯೋಕೆ ಆಗಲ್ಲ, ಅದಕ್ಕೆ ಮಗು ಕೆಳದವಡೆನ ಒಂದ್ ಕಡೆಗೆ ಜಾರಿಸಿ ಗಟ್ಟಿಯಾಗಿ ಕೂರೋ ಜಾಗ ಹುಡುಕಿಕೊಳ್ಳತ್ತೆ. ಜಾರಿದ ಕಡೆ ಕ್ರಾಸ್‌ಬೈಟು, ಇನ್ನೊಂದು ಕಡೆ ನೋಡೋಕೆ ನಾರ್ಮಲ್. ಇದನ್ನ ಫಂಕ್ಷನಲ್ ಶಿಫ್ಟ್ ಅಂತೀವಿ. ನೀವು ಹೇಳಿದ ಪ್ರಕಾರ ಬಾಯಿ ತೆಗೆದಾಗ ಗೆರೆ ನೇರ, ಕಚ್ಚಿದಾಗ ಬಲಕ್ಕೆ, ಕ್ರಾಸ್‌ಬೈಟೂ ಬಲಕ್ಕೆ, ಹೊಂದ್ಕೊಳ್ಳತ್ತೆ. ಇಂಥದ್ದಕ್ಕೆ ಎರಡೂ ಕಡೆ ಸಮನಾಗೇ ಅಗಲ ಮಾಡ್ಬೇಕು, ಮಾಡಿದ್ರೆ ದವಡೆ ಮಧ್ಯಕ್ಕೆ ಬಂದು ಕೂರೋಕೆ ಜಾಗ ಸಿಗತ್ತೆ. ಬಾಯಿ ತೆಗೆದಾಗ್ಲೂ ಗೆರೆ ಸೊಟ್ಟಗೇ ಇದ್ದಿದ್ರೆ ಕಥೆ ಬೇರೆ. ಆಗ ಹಾಲುಹಲ್ಲು ಬೇಗ ಕಿತ್ತು ಮುಂಬಲ್ಲು ಸರಿದಿದ್ಯಾ, ದವಡೆ ಮೂಳೆನೇ ಒಂದ್ ಕಡೆ ಉದ್ದನಾ, ನಿಜವಾಗ್ಲೂ ಒಂದೇ ಕಡೆ ಕಿರಿದಾ, ಇದೆಲ್ಲ ಹುಡುಕ್ಬೇಕಾಗತ್ತೆ.

ಒಂದು ಪಾಯಿಂಟ್ ಬಿಡ್ಬೇಡಿ, ಮೇಲಿನ ಹಾಲು ಕೋರೆಹಲ್ಲು ಇನ್ನೂ ಇದ್ಯಲ್ಲ? ಕೆಲವೊಮ್ಮೆ ಆ ಕೋರೆಹಲ್ಲಿನ ತುದಿ ತಡೆದು ದವಡೆ ಜಾರಿರತ್ತೆ, ಹಾಲುಹಲ್ಲಿನ ತುದಿ ಚೂರು ಉಜ್ಜಿದ್ರೇನೇ ಜಾರೋದು ನಿಂತುಹೋಗತ್ತೆ. ನಾಲ್ಕೈದು ವರ್ಷದ ಮಕ್ಕಳಲ್ಲಿ ಇದು ಜಾಸ್ತಿ ಕೆಲಸ ಮಾಡತ್ತೆ, ನಿಮ್ಮ ಮಗಳಿಗೆ ಖಾಯಂ ದವಡೆಹಲ್ಲೇ ಒಳಗೆ ಕೂತಿರೋದ್ರಿಂದ ಇದೊಂದೇ ಸಾಕಾಗೋದು ಡೌಟು, ಆದ್ರೂ ಮೊದಲು ಎಲ್ಲಿ ತಾಗತ್ತೆ ಅಂತ ಡಾಕ್ಟ್ರು ನೋಡಿ ಹೇಳ್ಬೇಕು.

ಈ ವಾರನೇ ಅನ್ನೋ ಅವಸರ ಇಲ್ಲ. ಹಾಗಂತ ಹಾಲುಹಲ್ಲೆಲ್ಲ ಬೀಳ್ಲಿ ಅಂತ ಕೂರೋ ಕೇಸೂ ಅಲ್ಲ ಇದು. ಹಾಲುಹಲ್ಲು ಪೂರ್ತಿ ಬೀಳೋಷ್ಟರಲ್ಲಿ ಹನ್ನೆರಡಾಗತ್ತೆ, ಹೆಣ್ಣುಮಕ್ಕಳಲ್ಲಿ ಅಷ್ಟೊತ್ತಿಗೆ ಬೆಳವಣಿಗೆಯ ಜೋರು ಬಂದು ಹೋಗ್ತಿರತ್ತೆ. ಅಂಗುಳದ ಮಧ್ಯದ ಜೋಡಣೆ ಚಿಕ್ಕ ವಯಸ್ಸಲ್ಲಿ ಸುಲಭವಾಗಿ ಬಿಚ್ಕೊಳ್ಳತ್ತೆ, ವಯಸ್ಸಾದಂಗೆ ಎರಡೂ ಕಡೆ ಮೂಳೆ ಒಂದರೊಳಗೊಂದು ಹೆಣೆದುಕೊಂಡು ಗಟ್ಟಿ ಆಗತ್ತೆ, ಹದಿನೈದು ಹದಿನಾರು ದಾಟಿದ್ಮೇಲೆ ಸ್ಕ್ರೂ ಒಂದರಿಂದ ಆಗತ್ತೆ ಅನ್ನೋ ಭರವಸೆ ಇರಲ್ಲ. ಅದಕ್ಕಿಂತ ಮುಖ್ಯ ಈ ಜಾರೋದು. ವರ್ಷಗಟ್ಲೆ ಹಿಂಗೇ ಜಾರಿ ಕಚ್ತಾ ಬೆಳೆದ್ರೆ ದವಡೆ ಮೂಳೆನೇ ಸೊಟ್ಟಕ್ಕೆ ಒಗ್ಗಿಕೊಂಡು ಬೆಳೆಯೋ ಸಾಧ್ಯತೆ ಇರತ್ತೆ, ಆಮೇಲೆ ಅಗಲ ಮಾಡಿದ್ರೂ ಗದ್ದ ಮಧ್ಯಕ್ಕೆ ಬರಲ್ಲ. ಅಮೆರಿಕದ ಆರ್ಥೊಡಾಂಟಿಸ್ಟ್‌ಗಳ ಸಂಘ ಏಳು ವರ್ಷದೊಳಗೆ ಒಂದ್ಸಲ ತೋರ್ಸಿ ಅನ್ನೋದು ಇಂಥದ್ದನ್ನ ಹಿಡಿಯೋಕೇ, ಏಳಕ್ಕೇ ಎಲ್ರಿಗೂ ಕ್ಲಿಪ್ ಹಾಕಿ ಅಂತಲ್ಲ.

ಇಬ್ಬರ_ಅಪ್ಪ

ನಮ್ಮ ದೊಡ್ಡೋನಿಗೆ ಒಂಬತ್ತು ವರ್ಷಕ್ಕೆ ಹಾಕ್ಸಿದ್ವಿ ಅಕ್ಕ, ಅದಕ್ಕೆ ಅನುಭವ ಹೇಳ್ತೀನಿ. ಹೈರಾಕ್ಸ್ ಅಂತ, ದವಡೆಹಲ್ಲಿಗೆ ಉಂಗುರ ಥರ ಕೂರ್ಸಿ ಅಂಗುಳದ ಮಧ್ಯೆ ಸ್ಕ್ರೂ ಬರತ್ತೆ. ದಿನಾ ರಾತ್ರಿ ನಾವೇ ಕೀ ಹಾಕಿ ತಿರುಗ್ಸ್ಬೇಕು, ಮುಂದಿನಿಂದ ಗಂಟಲ ಕಡೆಗೆ ತಳ್ಳೋದು, ಒಂದ್ಸಲಕ್ಕೆ ಕಾಲು ಮಿಲಿಮೀಟರ್ ಅಗಲ ಆಗತ್ತೆ ಅಂದಿದ್ರು. ಕೀಗೆ ಹಲ್ಲುಜ್ಜೋ ಫ್ಲಾಸ್ ದಾರ ಕಟ್ಟಿ ಇನ್ನೊಂದ್ ತುದಿ ಬೆರಳಿಗೆ ಸುತ್ಕೊಳ್ಳಿ, ಇಲ್ಲಾಂದ್ರೆ ಕೈಜಾರಿ ಗಂಟಲಿಗೆ ಹೋಗೋ ಭಯ. ತಿರುಗ್ಸಿದ್ಮೇಲೆ ಕೀನ ಹಿಂದಕ್ಕೆ ಎಳೀಬಾರ್ದು, ಎಳೆದ್ರೆ ಸ್ಕ್ರೂ ವಾಪಸ್ ಬರತ್ತೆ, ಕೆಳಮುಖವಾಗಿ ಬಿಡಿಸ್ಕೋಬೇಕು. ನೋವು ಅಂತ ಅಳಲಿಲ್ಲ, ಮೂಗಿನ ಬುಡದಲ್ಲಿ ಒತ್ತಿದಂಗೆ ಆಗತ್ತೆ ಅಂತಿದ್ದ. ಮೊದ್ಲು ಮಾತು ತೊದಲ್ತು, ಜೊಲ್ಲು ಸುರೀತಿತ್ತು, ಮೊಸರನ್ನ ಉಪ್ಪಿಟ್ಟಲ್ಲೇ ಕಾಲ ಹಾಕಿದ, ಚಕ್ಕುಲಿ ಚಿಕ್ಕಿ ಎಲ್ಲ ಬಂದ್. ಅವ್ರಜ್ಜಿ ಕದ್ದು ಕೊಟ್ಟ ಕೊಬ್ಬರಿಮಿಠಾಯಿ ಸ್ಕ್ರೂ ಒಳಗೆ ಸಿಕ್ಕಾಕೊಂಡು ಟೂತ್‌ಪಿಕ್ ಹಾಕಿ ತೆಗ್ದಿದ್ದು ಇನ್ನೊಂದ್ ಪುರಾಣ.

ಆಮೇಲೆ ಮುಂದಿನ ಎರಡು ಹಲ್ಲಿನ ಮಧ್ಯೆ ದೊಡ್ಡ ಗ್ಯಾಪ್ ಬಂತು, ನನ್ ಹೆಂಡ್ತಿ ಗಾಬರಿ ಬಿದ್ದು ಕ್ಲಿನಿಕ್‌ಗೆ ಫೋನ್ ಮಾಡಿದ್ಲು, ಅವರು ಖುಷಿ ಪಡಿ ಮೇಡಂ ಜೋಡಣೆ ಬಿಚ್ಕೊಂಡಿದೆ ಅಂತ ಅರ್ಥ ಅಂದ್ರು. ಆ ಗ್ಯಾಪ್ ತಾನಾಗೇ ಮುಚ್ಕೊಳ್ತು. ತಿರುಗ್ಸೋದು ನಿಂತ್ಮೇಲೂ ಸ್ಕ್ರೂ ತಿಂಗಳುಗಟ್ಲೆ ಹಂಗೇ ಬಾಯಲ್ಲಿ ಬಿಟ್ಟಿದ್ರು. ಕೆಲಸ ಆಯ್ತಲ್ಲ ತೆಗೀರಿ ಅಂತ ನಾವು ಕೇಳಿದ್ರೂ ತೆಗೀಲಿಲ್ಲ.

ಹಲ್ಲುಡಾಕ್ಟ್ರು_ಬೆಂಗ್ಳೂರು

ತೆಗೀದೇ ಇದ್ದದ್ದು ಸರಿ. ಬಿಚ್ಚಿದ ಜಾಗದಲ್ಲಿ ಹೊಸ ಮೂಳೆ ತುಂಬ್ಕೊಳ್ಳೋಕೆ ಮೂರರಿಂದ ಆರು ತಿಂಗಳು ಬೇಕು, ಅಷ್ಟರೊಳಗೆ ತೆಗೆದ್ರೆ ವಾಪಸ್ ಕಿರಿದಾಗತ್ತೆ. ಸ್ವಲ್ಪ ವಾಪಸ್ ಬಂದೇ ಬರತ್ತೆ ಅಂತ ಬೇಕಿರೋದಕ್ಕಿಂತ ಚೂರು ಜಾಸ್ತಿನೇ ಅಗಲ ಮಾಡ್ತೀವಿ, ಆಗ ಹಲ್ಲು ಕಚ್ಚೋದು ವಿಚಿತ್ರವಾಗಿ ಕಾಣತ್ತೆ, ಹೆದರ್ಬೇಡಿ.

ಎಲ್ರಿಗೂ ಹೈರಾಕ್ಸೇ ಬೇಕು ಅಂತೇನಿಲ್ಲ. ಎಂಟು ಹತ್ತು ವರ್ಷದವ್ರಿಗೆ ಕ್ವಾಡ್ ಹೀಲಿಕ್ಸ್ ಅಂತ ತಂತಿ ಸ್ಪ್ರಿಂಗ್ ಥರದ್ದು ಇದೆ, ನಿಧಾನಕ್ಕೆ ಅಗಲ ಮಾಡತ್ತೆ, ಮನೇಲಿ ಕೀ ತಿರುಗ್ಸೋ ಕೆಲಸ ಇಲ್ಲ. ತೆಗೆದು ಹಾಕೋ ಪ್ಲೇಟ್‌ಗಿಂತ ಇದು ಚೆನ್ನಾಗಿ ಕೆಲಸ ಮಾಡತ್ತೆ ಅಂತ ಕಾಕ್ರೇನ್ ವಿಮರ್ಶೆಲೂ (ಹಲವು ಅಧ್ಯಯನಗಳನ್ನ ಒಟ್ಟಿಗೆ ತೂಗಿ ನೋಡೋ ವರದಿ) ಬಂದಿದೆ. ಕಾರಣನೂ ಸಿಂಪಲ್ಲು, ಪ್ಲೇಟು ಬಾಯಲ್ಲಿರೋದಕ್ಕಿಂತ ಸ್ಕೂಲ್ ಬ್ಯಾಗಲ್ಲಿ ಜಾಸ್ತಿ ಇರತ್ತೆ.

ರಾಘು_ಯಲಹಂಕ

ಡಾಕ್ಟ್ರೇ ಒಂದ್ ಡೌಟು. ಯೂಟ್ಯೂಬಲ್ಲಿ ನೋಡಿದ್ರೆ ದವಡೆ ಅಗಲ ಮಾಡಿದ್ರೆ ಗೊರಕೆ ಹೋಗತ್ತೆ, ಬಾಯಲ್ಲಿ ಉಸಿರಾಡೋದು ನಿಲ್ಲತ್ತೆ, ಓದೋದ್ರಲ್ಲೂ ಚುರುಕಾಗ್ತಾರೆ ಅಂತೆಲ್ಲ ಹೇಳ್ತಾರೆ. ನನ್ ಮಗನೂ ಗೊರಕೆ ಹೊಡೀತಾನೆ, ಹಲ್ಲು ಚೆನ್ನಾಗೇ ಇದೆ. ನಾಲಿಗೆನ ಅಂಗುಳಕ್ಕೆ ಒತ್ತಿ ಇಟ್ಕೊಂಡ್ರೆ ತಾನಾಗೇ ಅಗಲ ಆಗತ್ತೆ ಅಂತಾನೂ ಒಬ್ಬ ಹೇಳ್ತಿದ್ದ. ನಿಜಾನಾ?

ಹಲ್ಲುಡಾಕ್ಟ್ರು_ಬೆಂಗ್ಳೂರು

ಸಂಬಂಧ ಇದೆ, ಆದ್ರೆ ಅಷ್ಟು ಸಲೀಸಲ್ಲ ರಾಘು ಅವ್ರೇ. ಅಂಗುಳ ಅಂದ್ರೆ ಮೂಗಿನ ನೆಲನೇ, ಅಗಲ ಮಾಡಿದ್ರೆ ಮೂಗಿನ ಒಳಗೂ ಸ್ವಲ್ಪ ಜಾಗ ಆಗತ್ತೆ, ಕೆಲವು ಮಕ್ಕಳಿಗೆ ಉಸಿರಾಟ ಸುಧಾರಿಸತ್ತೆ. ಆದ್ರೆ ದವಡೆ ಕಿರಿದೇ ಇಲ್ಲದ ಮಗುಗೆ ಗೊರಕೆ ಹೋಗ್ಲಿ ಅಂತ ಸ್ಕ್ರೂ ಹಾಕೋದು ತಪ್ಪು. ಅಮೆರಿಕದ ಅದೇ ಆರ್ಥೊಡಾಂಟಿಸ್ಟ್‌ಗಳ ಸಂಘ 2019ರಲ್ಲಿ ಸ್ಲೀಪ್ ಅಪ್ನಿಯ (ನಿದ್ದೆಲಿ ಉಸಿರು ನಿಂತು ನಿಂತು ಬರೋ ತೊಂದ್ರೆ) ಬಗ್ಗೆ ಹೊರಡಿಸಿದ ವರದಿಲೂ ಇದೇ ನಿಲುವು. ಗೊರಕೆಗೆ ಮೊದ್ಲು ಇಎನ್‌ಟಿ ಹತ್ರ ಹೋಗಿ, ಮಕ್ಕಳಲ್ಲಿ ಮೂಗಿನ ಹಿಂದಿನ ಅಡಿನಾಯ್ಡ್, ಗಂಟಲಿನ ಟಾನ್ಸಿಲ್ ಊದಿರೋದೇ ಜಾಸ್ತಿ. ನಾಲಿಗೆ ಒತ್ತೋ ವಿಡಿಯೋ ಎಲ್ಲ ನೋಡಿ ನಕ್ಕು ಬಿಟ್ಬಿಡಿ.

ಪುಟ್ಟಿಅಮ್ಮ ಅವ್ರಿಗೂ ಇದೇ ಮಾತು. ಮೂಗು ಕಟ್ಟಿ ಬಾಯಿ ತೆಗೆದ್ರೆ ನಾಲಿಗೆ ಕೆಳಗೆ ಇಳಿಯತ್ತೆ, ಮೇಲ್ದವಡೆಗೆ ಒಳಗಿನಿಂದ ಆಸರೆ ಇಲ್ಲ, ಹೊರಗಿನಿಂದ ಕೆನ್ನೆ ಒತ್ತತಾನೇ ಇರತ್ತೆ. ಬೆರಳು ಚೀಪೋದ್ರಲ್ಲೂ ಹಿಂಗೇ. ಬೆರಳು ಬಿಟ್ಟಿದ್ದಾಳೆ ಒಳ್ಳೇದಾಯ್ತು, ಮೂಗಿನ ವಿಷ್ಯ ಇನ್ನೂ ಬಾಕಿ ಇದೆ. ನಮ್ಮೂರಿನ ಧೂಳು, ಖಾಲಿ ಸೈಟ್‌ಗಳಲ್ಲಿ ಬೆಳೆಯೋ ಕಾಂಗ್ರೆಸ್ ಗಿಡ, ಇವಕ್ಕೆ ಅಲರ್ಜಿ ಇರೋ ಮಕ್ಕಳು ಎಷ್ಟು ಬೇಕಾದ್ರೂ ಇದಾರೆ, ಮೂಗು ಬಿಡಿಸದೆ ಬರೀ ದವಡೆ ಅಗಲ ಮಾಡಿದ್ರೆ ಮತ್ತೆ ಕಿರಿದಾಗೋಕೆ ಕಾರಣ ಅಲ್ಲೇ ಉಳಿಯತ್ತೆ.

ಪುಟ್ಟಿಅಮ್ಮ_ವಿಜಯನಗರ

ಸರಿ ಡಾಕ್ಟ್ರೇ, ಇಎನ್‌ಟಿಗೆ ಅಪಾಯಿಂಟ್‌ಮೆಂಟ್ ತಗೊಂಡಿದೀನಿ. ದವಡೆಗೆ ಇನ್ನೊಂದು ಒಪಿನಿಯನ್ ತಗೋಬೇಕು, ದುಡ್ಡು ಸ್ವಲ್ಪ ಕಮ್ಮಿ ಆಗೋ ಜಾಗ ಇದ್ರೆ ಹೇಳಿ, ಕ್ಲಿನಿಕ್‌ನೋರು ಹೇಳಿದ ರೇಟ್ ಕೇಳಿ ಇವ್ರು ಮೂರ್ ದಿನ ಮಾತೇ ಆಡಿಲ್ಲ.

ಇಬ್ಬರ_ಅಪ್ಪ

ಕೋಟೆ ಹತ್ರ ಸರ್ಕಾರಿ ದಂತ ವೈದ್ಯಕೀಯ ಕಾಲೇಜಿದೆ ಅಕ್ಕ, ವಿಕ್ಟೋರಿಯಾ ಆಸ್ಪತ್ರೆ ಹತ್ರನೇ. ವಿಜಯನಗರದಿಂದ ಪರ್ಪಲ್ ಲೈನಲ್ಲಿ ಮೆಜೆಸ್ಟಿಕ್, ಅಲ್ಲಿ ಗ್ರೀನ್‌ಗೆ ಬದಲಾಯ್ಸಿ ಕೆ.ಆರ್. ಮಾರ್ಕೆಟ್‌ನಲ್ಲಿ ಇಳ್ಕೊಳ್ಳಿ. ವಿ.ವಿ. ಪುರಂ, ಜಯನಗರ ಕಡೆ ಪ್ರೈವೇಟ್ ಡೆಂಟಲ್ ಕಾಲೇಜುಗಳೂ ಇವೆ, ಕ್ಲಿನಿಕ್‌ಗಿಂತ ಕಮ್ಮಿನೇ ಆಗತ್ತೆ. ಬೆಳಿಗ್ಗೆ ಬೇಗ ಹೋಗಿ, ಚೀಟಿ ಮಾಡ್ಸೋ ಕ್ಯೂ ಇರತ್ತೆ, ಅರ್ಧ ದಿನ ಹೋಯ್ತು ಅಂದ್ಕೊಳ್ಳಿ, ಮಗುಗೆ ಸ್ಕೂಲ್ ರಜೆ ಹಾಕ್ಸಿ.

ಹಲ್ಲುಡಾಕ್ಟ್ರು_ಬೆಂಗ್ಳೂರು

ಕಾಲೇಜಲ್ಲಿ ಪಿಜಿಗಳು ಮಾಡ್ತಾರೆ, ಮೇಲೆ ಸ್ಟಾಫ್ ನೋಡ್ತಾರೆ, ನಿಧಾನ ಆದ್ರೂ ಮಾಡೆಲ್, ಫೋಟೋ, ಎಕ್ಸ್‌ರೇ ಎಲ್ಲ ತಗೊಂಡು ಚರ್ಚೆ ಮಾಡೇ ಶುರು ಮಾಡ್ತಾರೆ, ಅದೊಂದು ಲಾಭ. ಪಿಜಿ ಕೋರ್ಸು ಮೂರು ವರ್ಷ, ನಿಮ್ಮ ಮಗುನ ನೋಡ್ತಿರೋರು ಮಧ್ಯದಲ್ಲಿ ಪಾಸಾಗಿ ಹೋದ್ರೆ ಕೇಸ್ ಇನ್ನೊಬ್ರಿಗೆ ಹೋಗತ್ತೆ, ಶುರುನಲ್ಲೇ ಯಾವ ವರ್ಷದೋರು ಅಂತ ಕೇಳ್ಕೊಳ್ಳಿ. ಎಲ್ಲೇ ಹೋದ್ರೂ ಮೂಳೆನಾ ಹಲ್ಲಾ, ಜಾರತ್ತಾ ಇಲ್ವಾ, ಅಳತೆ ಎಷ್ಟು ಬಂತು ಅಂತ ಕೇಳಿ. ಇದಕ್ಕೆ ಮಾಡೆಲ್ ಕೈಲಿ ಹಿಡಿದು ತೋರ್ಸಿ ಉತ್ತರ ಕೊಟ್ರೆ ಅಲ್ಲೇ ಮಾಡ್ಸಿ, ಅಡ್ವಾನ್ಸ್ ಕಟ್ಟಿ ಆಮೇಲೆ ಹೇಳ್ತೀವಿ ಅಂದ್ರೆ ಎದ್ದು ಬನ್ನಿ.

ಪುಟ್ಟಿಅಮ್ಮ_ವಿಜಯನಗರ

ಮುಂದಿನ ಶನಿವಾರ ಹೋಗ್ತೀವಿ. ಮೊದ್ಲಿನ ಕ್ಲಿನಿಕ್‌ನೋರು ಒಪಿಜಿ ಫಿಲ್ಮ್ ಕೊಟ್ಟಿಲ್ಲ, ವಾಟ್ಸಾಪಲ್ಲಿ ಫೋಟೋ ಕಳ್ಸಿದ್ದಾರೆ ಅಷ್ಟೇ. ಅದು ಸಾಕಾ, ಮತ್ತೆ ತೆಗ್ಸ್ಬೇಕಾಗತ್ತಾ?

ಹಲ್ಲುಡಾಕ್ಟ್ರು_ಬೆಂಗ್ಳೂರು

ಮತ್ತೆ ತೆಗ್ಸ್ಬೇಡಿ. ನೀವು ದುಡ್ಡು ಕೊಟ್ಟಿರೋ ಎಕ್ಸ್‌ರೇ, ಕೇಳಿದ್ರೆ ಕೊಡ್ಲೇಬೇಕು. ಒರಿಜಿನಲ್ ಫೈಲ್‌ನ ಮೇಲ್ ಮಾಡಿ ಅನ್ನಿ, ಇಲ್ಲಾ ಪೆನ್‌ಡ್ರೈವ್ ತಗೊಂಡ್ಹೋಗಿ ಹಾಕ್ಸ್ಕೊಂಡು ಬನ್ನಿ.